ಮೊದಲು ಮಾತಾಡಿಸಿದವಳು

ಮೂರನೆಯ ಮಹಡಿಯ ಕೊನೆಯ ಬಾಗಿಲ ಮುಂದೆ ನಿಂತು ಅವಳು ಮುಖವನ್ನು ಹದಕ್ಕೆ ತಂದುಕೊಂಡಳು. ತೀರಾ ದುಃಖ ಬೇಡ, ನಾಟಕ ಅನ್ನಿಸೀತು. ನಗುವಂತೂ ಬೇಡವೇ ಬೇಡ. ಏಳು ತಿಂಗಳಿಂದ ಮುಖ ಕೊಟ್ಟು ಮಾತಾಡದವಳನ್ನು ಇವತ್ತು ಗೆಳತಿಯಾಗಿ ಮಾಡಿಕೊಳ್ಳಲೇಬೇಕಿತ್ತು. ಇವತ್ತು ಶನಿವಾರ. ಸೋಮವಾರ ಕಂಪನಿಯವರು ಆ ಗೆಳತಿಗೆ ಫೋನ್ ಮಾಡುವವರಿದ್ದರು.

ಹಾಸ್ಟೆಲಿನಲ್ಲಿ ಅವಳ ಹೆಸರು ರೇಡಿಯೊ. ಅವಳು ಮಾತಿಗೆ ನಿಂತರೆ ಗೋಡೆಯೂ ತಲೆದೂಗಬೇಕು. ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್ಪುಗಳಿಗೆ ಕಪಾಟಿನಲ್ಲಿ ಜಾಗ ಸಾಲುತ್ತಿರಲಿಲ್ಲ. ಆದರೂ ಹದಿನಾರು ಕಡೆ ಅರ್ಜಿ ಹಾಕಿ, ಹದಿನಾರು ಕಡೆಯಿಂದಲೂ ‘ವಿಷಾದಿಸುತ್ತೇವೆ’ ಅನ್ನಿಸಿಕೊಂಡಿದ್ದಳು. ಹದಿನೇಳನೆಯದು ಗ್ರಾಹಕರ ದೂರು ಕೇಳಿ ಸಮಾಧಾನ ಹೇಳುವ ಕೆಲಸ. ಇರುವುದು ಒಂದೇ ಹುದ್ದೆ. ಇದೂ ಕೈತಪ್ಪಿದರೆ ತಿಂಗಳ ಕೊನೆಗೆ ಗಂಟುಮೂಟೆ ಕಟ್ಟಿಕೊಂಡು ಚಿಕ್ಕಪ್ಪನ ಟೈಲರ್ ಅಂಗಡಿಗೆ, ಗುಂಡಿ ಹೊಲಿಯಲು.

ಅರ್ಜಿಯ ಏಳನೆಯ ಪ್ರಶ್ನೆ ಗಂಟಲಿಗೆ ಸಿಕ್ಕಿಕೊಂಡಿತ್ತು. ‘ಮನಸ್ತಾಪವಾಗಿದ್ದ ಒಬ್ಬರನ್ನು ನೀವೇ ಮೊದಲು ಮಾತಾಡಿಸಿ, ಸಂಬಂಧ ಸರಿಪಡಿಸಿದ ಪ್ರಸಂಗ ವಿವರಿಸಿ. ಅವರ ಫೋನ್ ನಂಬರು ಕೊಡಿ. ನಾವು ವಿಚಾರಿಸುತ್ತೇವೆ.’

ಅವಳು ಮಾತು ಬಿಟ್ಟಿದ್ದ ಗೆಳತಿ ಗುಬ್ಬಿಯ ನಂಬರು ಕೊಟ್ಟು ಒಂದೂವರೆ ಪುಟ ಬರೆದಳು. ಬರೆಯುತ್ತ ಅವಳಿಗೇ ಕಣ್ಣು ಒದ್ದೆಯಾಯಿತು. ಅಂಥದ್ದೇನೂ ನಡೆದಿರಲಿಲ್ಲ ಅನ್ನುವುದೊಂದೇ ಕೊರತೆ.

ನಡೆದದ್ದು ಬೇರೆ. ಆಗ ಗುಬ್ಬಿಯೂ ಅವಳೂ ಒಂದೇ ರೂಮಿನವರು. ಗಣಿತದಲ್ಲಿ ಫೇಲಾದದ್ದನ್ನು ಗುಬ್ಬಿ ಮನೆಯಲ್ಲಿ ಮುಚ್ಚಿಟ್ಟು, ಇವಳೊಬ್ಬಳಿಗೇ ಹೇಳಿಕೊಂಡಿದ್ದಳು. ಗುಬ್ಬಿಯ ಅಮ್ಮ ಫೋನ್ ಮಾಡಿದಾಗ ಇವಳೇ ಎತ್ತಿದಳು. “ಬೇಜಾರು ಮಾಡ್ಕೋಬೇಡಿ ಆಂಟಿ, ಮುಂದಿನ ಸಲ ಪಾಸಾಗ್ತಾಳೆ” ಅಂದುಬಿಟ್ಟಳು. ಸಮಾಧಾನ ಹೇಳುವ ಉತ್ಸಾಹ! ಅದೇ ದಿನ ಗುಬ್ಬಿ ಹಾಸಿಗೆ ಸುತ್ತಿಕೊಂಡು ಮೂರನೆಯ ಮಹಡಿಗೆ ಹಾರಿದ್ದಳು.

ಸಂವಹನದ ಪಾಠ ಹೇಳುವ ಮೇಷ್ಟ್ರ ಸೂತ್ರ ಇಡೀ ತರಗತಿಗೆ ಬಾಯಿಪಾಠವಾಗಿತ್ತು. ಕಣ್ಣಲ್ಲಿ ಕಣ್ಣಿಡು. ‘ನೀನು’ ಅನ್ನಬೇಡ, ‘ನಾನು’ ಅನ್ನು. ಹೇಳಿ ಮುಗಿಸಿ ಸುಮ್ಮನಿರು. ಕೊನೆಯದೊಂದು ಮಾತ್ರ ಅವಳಿಗೆ ಇನ್ನೂ ಒಲಿದಿರಲಿಲ್ಲ.

ತಟ್ಟಲು ಕೈ ಎತ್ತಿದಳು. ಅಷ್ಟರಲ್ಲಿ ಬಾಗಿಲೇ ತೆರೆಯಿತು.

ಗುಬ್ಬಿ ನಿಂತಿದ್ದಳು. ನೀಟಾಗಿ ತಲೆ ಬಾಚಿದ್ದಳು, ಚಪ್ಪಲಿ ಮೆಟ್ಟಿದ್ದಳು, ಕೈಯಲ್ಲೊಂದು ಬಿಸ್ಕತ್ತಿನ ಪೊಟ್ಟಣ.

“ಎಲ್ಲಿಗೋ ಹೊರಟಿದ್ದೀಯ ಅನ್ಸುತ್ತೆ...”

“ಕೆಳಗೆ. ನಿನ್ನ ಹತ್ರಾನೇ.”

ರೇಡಿಯೊ ಸಿದ್ಧಮಾಡಿಕೊಂಡು ಬಂದ ಮೊದಲ ವಾಕ್ಯ ಬಿದ್ದೇಹೋಯಿತು. ಎರಡನೆಯದಕ್ಕೆ ಕೈಹಾಕಿದಳು. “ನಾನು ಆವತ್ತು ಮಾಡಿದ್ದು...”

“ತಾಳೇ, ಮೊದಲು ನಾನು ಹೇಳ್ತೀನಿ.”

“ಅದೆಲ್ಲಾ ಆಗಲ್ಲ. ತಪ್ಪು ಮಾಡಿದ್ದು ನಾನು, ಮೊದಲು ನಾನೇ.”

“ಏಳು ತಿಂಗಳು ಮುಖ ತಿರುಗಿಸ್ಕೊಂಡು ಓಡಾಡಿದ್ದು ನಾನಲ್ವೇನೇ?”

“ಬಾಗಿಲ ತನಕ ಬಂದಿದ್ದು ನಾನು ಕಣೇ!”

“ಬಾಗಿಲು ತೆಗೆದಿದ್ದು ನಾನು!”

ರಾಜಿಗೆ ಬಂದದ್ದು ಇನ್ನೊಂದು ಜಗಳವಾಗುವುದರಲ್ಲಿತ್ತು. ಇಬ್ಬರಿಗೂ ನಗು ಬಂತು. ಮಂಚದ ಮೇಲೆ ಎದುರುಬದುರು ಕೂತರು. ರೇಡಿಯೊ ಹೇಳಬೇಕಾದದ್ದನ್ನು ಚಾಚೂತಪ್ಪದೆ ಹೇಳಿದಳು. ಗುಬ್ಬಿ ಅವಳ ಕಣ್ಣಲ್ಲಿ ಕಣ್ಣಿಟ್ಟು ಕೇಳಿಸಿಕೊಂಡಳು.

“ನಾನು ತುಂಬಾ ನೊಂದ್ಕೊಂಡಿದ್ದೆ,” ಎಂದಳು. “ಆದ್ರೆ ನಾನು ಇಷ್ಟು ದಿನ ಬಿಡಬಾರದಿತ್ತು.”

ಅಷ್ಟು ಹೇಳಿ ಸುಮ್ಮನಾದಳು. ಆ ಮೌನ ಎಷ್ಟು ಚೊಕ್ಕವಾಗಿತ್ತೆಂದರೆ ರೇಡಿಯೊಗೆ ಕೂತಲ್ಲೇ ಕಸಿವಿಸಿಯಾಯಿತು. ಅಭ್ಯಾಸ ಮಾಡಿರದ ಮಾತೊಂದು ಬಾಯಿಗೆ ಬಂತು.

“ಅಮ್ಮ ಆವತ್ತು ತುಂಬಾ ಬೈದ್ರಾ?”

“ಬೈಲಿಲ್ಲ. ಎರಡು ದಿನ ನನ್ನ ಜೊತೆ ಮಾತೇ ಆಡ್ಲಿಲ್ಲ.”

ರೇಡಿಯೊ ಸುಮ್ಮನೆ ಗೆಳತಿಯ ಕೈ ಹಿಡಿದುಕೊಂಡಳು. ಗುಬ್ಬಿ ಕೈ ಬಿಡಿಸಿಕೊಳ್ಳಲಿಲ್ಲ.

ಹೊರಡುವಾಗ ಮಾತ್ರ ಬಂದ ಕೆಲಸ ನೆನಪಾಯಿತು. “ಯಾರಾದ್ರೂ ಕೇಳಿದ್ರೆ, ನಾವು ಸರಿಹೋದ್ವಿ ಅಂತ ಹೇಳ್ತೀಯಲ್ಲ?”

“ಹೇಳ್ದೇ ಏನು? ನೀನೂ ಹೇಳ್ಬೇಕು ಮತ್ತೆ. ಅಂದ ಹಾಗೆ ನಿನ್ನ ನಂಬರು ಹಳೇದೇ ತಾನೆ?”

“ಅದೇ ಕಣೇ. ಯಾವಾಗ ಬೇಕಾದ್ರೂ ಮಾಡು.”

ಮೆಟ್ಟಿಲಿಳಿಯುವಾಗ ರೇಡಿಯೊಗೆ ಗೆದ್ದ ಖುಷಿಯ ಜೊತೆಗೆ ಒಂಥರಾ ಸಂಕಟ. ಪಾಪ, ಗುಬ್ಬಿಗೆ ಏನೊಂದೂ ಗೊತ್ತಿಲ್ಲ. ಮೊದಲಿಂದಲೂ ಹಾಗೇ, ಹಾಲು ಮನಸ್ಸಿನ ಹುಡುಗಿ. ಬಿಸ್ಕತ್ತು ಹಿಡಿದುಕೊಂಡು ರಾಜಿಗೆ ಹೊರಟಿದ್ದಳಲ್ಲ! ಅಂಥವಳನ್ನು ಅರ್ಜಿಯ ಒಂದು ಖಾಲಿ ಜಾಗ ತುಂಬಲು ಬಳಸಿಕೊಂಡೆನಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಎಲ್ಲವನ್ನೂ ಅವಳ ಮುಂದೆ ಒಪ್ಪಿಕೊಳ್ಳಬೇಕು ಎಂದು ಅಲ್ಲೇ ನಿಶ್ಚಯಿಸಿದಳು. ಕೆಲಸ ಸಿಕ್ಕಿದ ಮೇಲೆ.

ಸೋಮವಾರ ಹನ್ನೊಂದಕ್ಕೆ ಅವಳ ಫೋನೇ ಬಡಿದುಕೊಂಡಿತು. ಕಂಪನಿಯಿಂದ, ಹೆಂಗಸೊಬ್ಬರ ದನಿ.

“ನಿಮ್ಮ ಗೆಳತಿ ಜೊತೆ ಈಗ ತಾನೇ ಮಾತಾಡಿದ್ವಿ. ನಿಮ್ಮ ಬಗ್ಗೆ ಬಹಳ ಪ್ರೀತಿಯಿಂದ ಹೇಳಿದ್ರು.”

ರೇಡಿಯೊ ಕುರ್ಚಿಯಿಂದ ಎದ್ದೇ ನಿಂತಳು. “ಅವಳು ಹಾಗೇ ಮೇಡಂ. ಮನಸ್ಸಲ್ಲಿ ಒಂದಿಟ್ಕೊಂಡು ಬಾಯಲ್ಲಿ ಇನ್ನೊಂದು ಹೇಳೋಳೇ ಅಲ್ಲ. ಅವಳ ಮಾತನ್ನ ನೀವು ಕಣ್ಣು ಮುಚ್ಚಿ ನಂಬಬಹುದು.”

“ಸಂತೋಷ, ಹಾಗೇ ಬರ್ಕೋತೀನಿ,” ಎಂದಿತು ಆ ದನಿ. “ಯಾಕಂದ್ರೆ ಈ ಕೆಲಸಕ್ಕೆ ಅವರೂ ಅರ್ಜಿ ಹಾಕಿದ್ದಾರೆ, ತಾನೇ ಮೊದಲು ನಿಮ್ಮನ್ನ ಮಾತಾಡಿಸಿ ರಾಜಿ ಮಾಡ್ಕೊಂಡೆ ಅಂತ ಒಂದೂವರೆ ಪುಟ ಬರೆದಿದ್ದಾರೆ.”