ಮುದ್ದು, ಮುದ್ದೆಕೋಲು

ಕನಕಳ ಅಪ್ಪನಿಗೆ ಎರಡನೆಯ ಹೆಂಡತಿಯಾಗಿ ಬಂದ ಚಿಕ್ಕಮ್ಮ ಅವಳ ಕೈಗೆ ಒಂದು ದಿನವೂ ಪೊರಕೆ ಕೊಟ್ಟವಳಲ್ಲ. ಶಾಲೆ ಬೇಜಾರು ಎಂದರೆ, "ಬಿಡವ್ವ, ಮಲಕ್ಕೊ" ಎನ್ನುತ್ತಿದ್ದಳು. ಹಾಗೇ ಶಾಲೆಯೂ ತಪ್ಪಿತು. ಬೈಗುಳ, ಏಟು, ಒಲೆಗೆಲಸವೆಲ್ಲ ಚಿಕ್ಕಮ್ಮ ತಾನೇ ಹೆತ್ತ ಪುಟ್ಟಿಯ ಪಾಲಿಗೆ.

"ಅಕ್ಕಂಗೆ ಮುದ್ದು, ನಂಗೆ ಮುದ್ದೆಕೋಲು!" ಎಂದು ಪುಟ್ಟಿ ಅಳುತ್ತಿದ್ದಳು.

"ಇಷ್ಟೊಂದು ಸದರ ಕೊಟ್ಟು ತಲೆ ಮೇಲೆ ಕೂರಿಸ್ಕೋಬೇಡ ಕಣೆ" ಎಂದು ನೆರೆಯವರು ಗದರಿದರೆ, "ತಾಯಿಲ್ಲದ ಮಗು" ಎಂದು ಚಿಕ್ಕಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು.

ಕನಕಳನ್ನು ನೋಡಲು ಗಂಡಿನವರು ಬಂದರು. ಹುಡುಗ ಒಮ್ಮೆ ತಲೆಯೆತ್ತಿ ನಕ್ಕ. ಅಷ್ಟಕ್ಕೇ ಅವಳ ಮನಸ್ಸು ಅವನ ಮನೆ ಸೇರಿಬಿಟ್ಟಿತು.

"ಉಪ್ಪಿಟ್ಟು ಚೆನ್ನಾಗದೆ. ನೀನೇ ಮಾಡಿದ್ದೇನವ್ವ?" ಎಂದು ಹುಡುಗನ ತಾಯಿ ಕೇಳಿದಳು.

ಕನಕ ಚಿಕ್ಕಮ್ಮನ ಮುಖ ನೋಡಿದಳು. ಚಿಕ್ಕಮ್ಮ ಅವಳ ಜಡೆ ಸವರುತ್ತ ನಕ್ಕಳು.

"ಅಯ್ಯೋ, ಇವಳಿಗೆ ಒಲೆ ಹಚ್ಚೋಕೂ ಬರಲ್ಲ ಕಣಕ್ಕ. ಓದೂ ಇಲ್ಲ. ನಾನೇ ಮುದ್ದು ಮಾಡಿ ಮಾಡಿ ಕೆಡಿಸ್ಬಿಟ್ಟೆ."

ಆಮೇಲೆ ಒಳಮನೆಯತ್ತ ತಿರುಗಿ ಕೂಗಿದಳು:

"ಪುಟ್ಟೀ, ಸೀರೆ ಉಟ್ಟಾಯ್ತೇನೇ? ಈಚೆ ಬಾ."