ಟಿಬ್ಬಿಟ್ ಪಾದ್ರಿಯ ಆಶೀರ್ವಾದ

ಟಿವಿಯಲ್ಲಿ ಪಾದ್ರಿ ಟಿಬ್ಬಿಟ್ ಕಾಲು ಜಾರಿ ಸಮಾಧಿಯ ಗುಂಡಿಗೆ ಬಿದ್ದ. ನಲವತ್ತು ವರ್ಷಗಳ ಹಿಂದಿನ ಪ್ರೇಕ್ಷಕರು ಗೊಳ್ಳೆಂದು ನಕ್ಕರು. ವೃದ್ಧಾಶ್ರಮದ ಹಜಾರದಲ್ಲಿದ್ದ ಏಳೆಂಟು ಮಂದಿಯೂ ನಕ್ಕು, ಮೂಲೆಯ ಕುರ್ಚಿಯತ್ತ ತಿರುಗಿ ಚಪ್ಪಾಳೆ ತಟ್ಟಿದರು. ಆ ಕುರ್ಚಿಯಲ್ಲಿದ್ದವನು ಎಂಬತ್ತಮೂರರ ಡೆಸ್ಮಂಡ್ ಫರ್ಲೋ. ಟಿಬ್ಬಿಟ್ ಆಗಿ ನಟಿಸಿದವನು ಅವನೇ. ಆ ಹಾಸ್ಯ ಧಾರಾವಾಹಿಯ ಹಳೆಯ ಕಂತುಗಳು ಈಗ ದಿನವೂ ಮಧ್ಯಾಹ್ನ ಎರಡಕ್ಕೆ ಮತ್ತೆ ಬರುತ್ತಿದ್ದವು. ಅವನೂ ದಿನವೂ ಕುಳಿತಲ್ಲೇ ತಲೆಬಾಗಿ ಚಪ್ಪಾಳೆ ಸ್ವೀಕರಿಸುತ್ತಿದ್ದ.

ನರ್ಸ್ ಮೋರೀನ್ ಬಂದು ಅವನ ಕಿವಿಯ ಬಳಿ ಬಗ್ಗಿದಳು.

"ಬೆರಿಲ್ ಅಜ್ಜಿ ಪಾದ್ರಿಗಳನ್ನ ಕರೀರಿ ಅಂತಿದಾರೆ. ಬೆಳಿಗ್ಗೆಯಿಂದ ಅದೇ ಮಾತು."

"ಕರೀರಿ ಮತ್ತೆ."

"ಫೋನ್ ಮಾಡಿದೆ. ಪಾಪ, ಆ ಮನುಷ್ಯನಿಗೆ ಒಬ್ಬನಿಗೇ ಆರು ಊರಿನ ಚರ್ಚು. ಗುರುವಾರ ಬರ್ತಾರಂತೆ. ಇವತ್ತಿನ್ನೂ ಸೋಮವಾರ." ಮೋರೀನ್ ದನಿ ತಗ್ಗಿಸಿದಳು. "ಗುರುವಾರದ ತನಕ ಅಜ್ಜಿ ಇರಲ್ಲ. ಟಿಬ್ಬಿಟ್ ಪಾದ್ರಿ ಇಲ್ಲೇ ಇದಾರಲ್ಲ, ಅವರನ್ನೇ ಕಳಿಸು ಅಂತಾರೆ."

"ನಾನು ಚರ್ಚಿನ ಮೆಟ್ಟಿಲು ಹತ್ತಿ ಮೂವತ್ತು ವರ್ಷ ಆಯ್ತು ಮಾರಾಯ್ತಿ. ಹತ್ತುತ್ತಿದ್ದದ್ದೂ ಶೂಟಿಂಗಿಗೆ."

"ದೇವರ ಮೇಲೆ ನಂಬಿಕೆ ಇದೆಯಾ ಅಂತ ನಾನು ಕೇಳಲಿಲ್ಲ. ಆ ಪಾದ್ರಿ ವೇಷದ ಕಾಲರ್ ಇದೆಯಾ?"

ಇತ್ತು. ಬಿಸ್ಕತ್ತಿನ ಹಳೆಯ ಡಬ್ಬಿಯಲ್ಲಿ, ಶೂಟಿಂಗಿನ ಕೊನೆಯ ದಿನ ಅವನು ಸದ್ದಿಲ್ಲದೆ ಜೇಬಿಗಿಳಿಸಿಕೊಂಡು ಬಂದಿದ್ದ ಬಿಳಿಯ ಪಟ್ಟಿ. ಕತ್ತು ಸೊರಗಿದ್ದರಿಂದ ಅದೀಗ ಸಡಿಲವಾಗಿತ್ತು. ಮೋರೀನ್ ಹಿಂದುಗಡೆ ಒಂದು ಪಿನ್ನು ಚುಚ್ಚಿ, ಅವನನ್ನು ಬೆರಿಲ್ ರಾಮ್ಸ್‌ಡನ್‌ಳ ಕೋಣೆಗೆ ಬಿಟ್ಟು, ಬಾಗಿಲು ಮುಂದಕ್ಕೆಳೆದುಕೊಂಡು ಹೋದಳು.

ಬೆರಿಲ್ ಕಿಟಕಿಯ ಕಡೆಗೆ ಮುಖ ಮಾಡಿ ಮಲಗಿದ್ದಳು. ಪಕ್ಕದಲ್ಲಿ ಮುಟ್ಟದ ಟೀ ಕೆನೆಗಟ್ಟಿತ್ತು.

"ಬಂದ್ರಾ ಪಾದ್ರಿಗಳೇ. ಗುಂಡಿಗೆ ಬಿದ್ದು ಏಟಾಗಲಿಲ್ಲ ತಾನೇ?"

ತಮಾಷೆಯೋ ನಿಜವೋ ಅವನಿಗೆ ತಿಳಿಯಲಿಲ್ಲ. "ಇಲ್ಲಮ್ಮ. ಕೆಳಗೆ ಹಾಸಿಗೆ ಹಾಕಿದ್ರು."

"ಒಳ್ಳೇದು ಮಾಡಿದ್ರು." ಅವಳು ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು. "ಆಶೀರ್ವಾದ ನನಗಲ್ಲ. ಮಗೂಗೆ. ಅರವತ್ತು ವರ್ಷ ಆಯ್ತು. ಹುಟ್ಟುವಾಗಲೇ ಉಸಿರಿರಲಿಲ್ಲ. ಜ್ಞಾನಸ್ನಾನ ಆಗದ ಕೂಸು, ನಮ್ಮ ಕೈಲಿ ಪ್ರಾರ್ಥನೆ ಮಾಡೋಕೆ ಆಗಲ್ಲ ಅಂದ್ರು ಆಗಿನ ಪಾದ್ರಿ. ಯಾರೋ ಮುದುಕನ ಶವಪೆಟ್ಟಿಗೆಯಲ್ಲಿ, ಅವನ ಕಾಲ ಹತ್ತಿರ ಇಟ್ಟು ಹೂತರಂತೆ. ಯಾವ ಮುದುಕ ಅಂತಾನೂ ಹೇಳಲಿಲ್ಲ ನನಗೆ. ಹೇಝಲ್ ಅಂತ ಹೆಸರಿಟ್ಟಿದ್ದೆ. ಇನ್ನೊಬ್ಬರ ಮುಂದೆ ಹೇಳ್ತಿರೋದು ಇವತ್ತೇ. ಮಣ್ಣು ಹಾಕುವಾಗ ಒಂದು ಆಶೀರ್ವಾದ ಹೇಳ್ತಾರಲ್ಲ, ಅದನ್ನ ಅವಳ ಹೆಸರಲ್ಲಿ ಒಂದು ಸಲ ಹೇಳಿಬಿಡಿ. ಪೂರ್ತಿ."

ಡೆಸ್ಮಂಡ್ ಎದ್ದು ನಿಂತ. ಕೈ ತಾನಾಗಿ ಮೇಲೆದ್ದಿತು. ಟಿಬ್ಬಿಟ್‌ನ ಮೂಗಿನ ದನಿ ಗಂಟಲಿಗೆ ಬಂದಿತ್ತು. ಅದನ್ನು ನುಂಗಿ ತನ್ನದೇ ದನಿಯಲ್ಲಿ ಶುರುಮಾಡಿದ.

"ಹೋಗುವ ದಾರಿಯಲ್ಲಿ ದೇವರ ಬೆಳಕು ನಿನ್ನ ಮುಂದಿರಲಿ, ಹೇಝಲ್. ದೇವರ ಕೈ ನಿನ್ನ ತಲೆಯ ಮೇಲಿರಲಿ..."

ಅಲ್ಲಿಗೆ ನಿಂತುಹೋಯಿತು. ಹನ್ನೊಂದು ವರ್ಷ ಅವನು ಈ ಆಶೀರ್ವಾದ ಹೇಳಿದ್ದ. ಪ್ರತಿ ಸಲವೂ ಸರಿಯಾಗಿ ಇಲ್ಲಿಗೆ ಬಂದಾಗ ಏನಾದರೂ ಆಗುತ್ತಿತ್ತು. ಗಾಳಿಗೆ ಟೋಪಿ ಹಾರುತ್ತಿತ್ತು, ಗಂಟೆಯ ಹಗ್ಗ ಹರಿಯುತ್ತಿತ್ತು, ಮೇಕೆ ಬಂದು ಅಂಗಿಯ ಅಂಚು ಜಗಿಯುತ್ತಿತ್ತು, ಇಲ್ಲವೇ ಅವನು ಗುಂಡಿಗೆ ಬೀಳುತ್ತಿದ್ದ. ಜನ ನಗುತ್ತಿದ್ದರು, ಕಂತು ಮುಗಿಯುತ್ತಿತ್ತು. ಮುಂದಿನ ಸಾಲನ್ನು ಯಾರೂ ಅವನಿಗೆ ಬರೆದುಕೊಟ್ಟಿರಲಿಲ್ಲ.

"ಕ್ಷಮಿಸಿ ಅಮ್ಮ. ನಾನು ನಿಜವಾದ ಪಾದ್ರಿ ಅಲ್ಲ..."

"ಗೊತ್ತಪ್ಪಾ. ನನ್ನ ಮೈ ಸೋತಿದೆ, ತಲೆ ಅಲ್ಲ. ಒಂದು ಕಂತೂ ಬಿಟ್ಟಿಲ್ಲ ನಾನು. ಯಾವಾಗಲೂ ಅಲ್ಲಿಗೇ ನಿಲ್ಲಿಸ್ತಿದ್ರಿ ನೀವು."

"ಮತ್ತೆ ನನ್ನನ್ನ ಯಾಕೆ ಕರೆಸಿದ್ರಿ?"

ಬೆರಿಲ್ ಅವನ ಸಡಿಲ ಕಾಲರನ್ನು ನೋಡುತ್ತ ಮಲಗಿದ್ದಳು.

"ಟಿಬ್ಬಿಟ್ ಎಡವ್ತಿದ್ದ, ಬೀಳ್ತಿದ್ದ, ಮದುವೆ ಹೆಣ್ಣಿನ ಹೆಸರೇ ಮರೀತಿದ್ದ. ಆದ್ರೆ ಬಾಗಿಲಿಗೆ ಬಂದವರಿಗೆ ಆಗಲ್ಲ ಅಂದಿದ್ದು ನಾನು ಕಾಣೆ." ಅವಳು ಕೈ ಚಾಚಿದಳು. "ನಾನು ಹೇಳಿಕೊಡ್ತೀನಿ, ನೀವು ಹೇಳಿ. ಊರಿನವರ ಮಣ್ಣಿಗೆಲ್ಲ ಹೋಗಿದೀನಿ. ಗುರುತಿದ್ದವರು, ಇಲ್ಲದವರು, ಎಲ್ಲರದಕ್ಕೂ. ಇದೊಂದನ್ನ ಕೇಳೋಕೆ."

ಡೆಸ್ಮಂಡ್ ಅವಳ ಕೈ ಹಿಡಿದುಕೊಂಡ.

"ಮನೆಯ ಬಾಗಿಲು ತೆರೆದಿರಲಿ," ಎಂದು ಪಿಸುಗುಟ್ಟಿದಳು.

"ಮನೆಯ ಬಾಗಿಲು ತೆರೆದಿರಲಿ."

"ಒಳಗೆ ನಿನ್ನ ಹೆಸರು ಹಿಡಿದು ಕರೆಯುವವರಿರಲಿ."

"ಒಳಗೆ ನಿನ್ನ ಹೆಸರು ಹಿಡಿದು ಕರೆಯುವವರಿರಲಿ, ಹೇಝಲ್. ಆಮೆನ್."

ಬೆರಿಲ್ ಕಣ್ಣು ಮುಚ್ಚಿದಳು. ಡೆಸ್ಮಂಡ್ ಕೈ ಬಿಡದೆ, ಹಳೆಯ ಅಭ್ಯಾಸದಂತೆ, ಜನರ ನಗುವಿಗಾಗಿ ಒಂದು ಕ್ಷಣ ತಡೆದ. ಯಾರೂ ನಗಲಿಲ್ಲ.