ಎರಡರಲ್ಲಿದ್ದ ತಿರುಪು

ಕೊನೆಗಾಲದ ರೋಗಿಗಳ ನಮ್ಮ ವಾರ್ಡಿನಲ್ಲಿ ನೋವು ಎಷ್ಟಿದೆ ಎಂದು ಯಾರೂ ಕೇಳುವುದಿಲ್ಲ. ರೋಗಿಯ ಮಣಿಕಟ್ಟಿಗೊಂದು ಪಟ್ಟಿ, ನನ್ನ ಮಣಿಕಟ್ಟಿಗೊಂದು ಪಟ್ಟಿ. ದಿನಾ ಬೆಳಿಗ್ಗೆ ಐದು ನಿಮಿಷ ಆ ಪಟ್ಟಿಗಳ ಮೂಲಕ ಅವರ ನೋವು ನನ್ನ ಮೈಗೆ ಬರುತ್ತದೆ. ಅದನ್ನು ನೋಡಿ ಮಾರ್ಫಿನ್ ಬರೆಯುತ್ತೇನೆ. ಹಿರಿಯ ನರ್ಸ್ ಎಂದರೆ ಇದೇ ಕೆಲಸ.

ಕಲಿಸಿದವರು ಹಿಲ್ಡಾ ಸಿಸ್ಟರ್. "ರೋಗಿಯ ಬಾಯಿ ನಂಬಬೇಡ, ಪಟ್ಟಿ ನಂಬು" ಎನ್ನುತ್ತಿದ್ದರು. ಈಗ ಅವರೇ ಏಳನೇ ಹಾಸಿಗೆಯಲ್ಲಿದ್ದಾರೆ, ಮೂಳೆಗೆ ಹರಡಿದ ಕ್ಯಾನ್ಸರ್. ಅವರು ಇಲ್ಲಿಗೆ ಬಂದ ಮೇಲಿನ ಹನ್ನೆರಡು ದಿನವೂ ಅವರ ನೋವು ನನಗೆ ಹಲ್ಲುನೋವಿನಷ್ಟೇ ಬಂತು. ಅಷ್ಟಕ್ಕೇ ಮದ್ದು ಕೊಟ್ಟೆ.

ಇವತ್ತು ಮೈ ಒರೆಸುವಾಗ ಅವರ ಪಟ್ಟಿಯ ಒಳಬದಿ ಕಂಡಿತು. ನೋವು ಕಳಿಸುವ ತಿರುಪು ಹತ್ತರಲ್ಲಿರಬೇಕು, ಎರಡರಲ್ಲಿತ್ತು. ಅಲ್ಲೊಂದು ತಿರುಪು ಇದೆಯೆಂದು ನರ್ಸುಗಳಿಗೆ ಮಾತ್ರ ಗೊತ್ತು.

"ಯಾಕೆ ಸಿಸ್ಟರ್?"

"ನಿನಗೆ ಇದು ಬೇಡ ಮಾರಾಯ್ತಿ. ತಡೆಯಲಿಕ್ಕಾಗುವುದಿಲ್ಲ."

"ನನ್ನ ಕೈಯಲ್ಲೇ ನಿಮಗೆ ಹನ್ನೆರಡು ದಿನ ಹಿಂಸೆ ಕೊಡಿಸಿದಿರಲ್ಲ! ನಿಮ್ಮನ್ನು ನಂಬಿದ್ದೆ ನಾನು."

ಸಿಟ್ಟಿನಲ್ಲಿ ನನ್ನ ಪಟ್ಟಿ ಬಿಗಿದುಕೊಂಡು ಅವರ ತಿರುಪನ್ನು ಹತ್ತಕ್ಕೆ ಏರಿಸಿದೆ.

ವಾರ್ಡಿಗೆ ವಾರ್ಡೇ ನಮ್ಮ ಕಡೆ ನೋಡಿತು. ಹಿಲ್ಡಾ ಸಿಸ್ಟರ್ ತುಟಿ ಕಚ್ಚಿ ಸುಮ್ಮನೆ ಮಲಗಿದ್ದರು. ಕಿರುಚಿದ್ದು ನಾನು.